ಗುಂಡಿಯ ಹಾಸಿಗೆ

ಅಂಗಡಿಯವ ತೋರಿಸಿದ್ದು ಬೆಕ್ಕಿನ ಮರಳು,
ಚೀಲಕ್ಕೆ ಆರುನೂರು.
"ಒದ್ದೆಯಾದರೆ ಗಟ್ಟಿಯಾಗ್ತದಕ್ಕ."
ಮೊಲ ಎಲ್ಲಾನೂ ತಿಂದು ನೋಡ್ತದಣ್ಣ,
ಹೊಟ್ಟೆಯೊಳಗೂ ಗಟ್ಟಿಯಾದರೆ?

ಸಾಮಿಲ್ಲಿನ ಪುಡಿ ಪುಕ್ಕಟೆ.
ಮೂರು ದಿನ ಸೀನಿತು ಗುಂಡಿ,
ಮೂಗು ಹೊಲಿಗೆಯ ಸೂಜಿಯಂತೆ ಮೇಲೆ ಕೆಳಗೆ.

ಜೀನ್ಸ್ ಚೂರು ಹಾಕೋಣವೆಂದಳು ತಸ್ಲೀಮಾ.
ದಾರ ಕರುಳಿಗೆ ಸುತ್ತಿಕೊಂಡರೆ
ಬಿಚ್ಚುವ ದರ್ಜಿ ಬಳ್ಳಾರಿಯಲ್ಲಿಲ್ಲ.

ಕೊನೆಗೆ ಸಿಕ್ಕಿದ್ದು ಕೌಲ್ ಬಜಾರಿನ ನಮ್ಮ ಯೂನಿಟ್ಟಿನ ಮೂಲೆಯಲ್ಲೇ:
ಹಳೆ ಪ್ಯಾಟರ್ನಿನ ಕಂದು ಕಾಗದ,
ಮಸಿಯಿಲ್ಲ, ವಾಸನೆಯಿಲ್ಲ.
ಹರಿದು ಹಾಸಿ
ಒಂದು ಮೂಲೆಗೆ ಒಣಹುಲ್ಲು ಇಟ್ಟೆ.

ಮೂವತ್ತೆರಡರ ಸೊಂಟದ ಮೇಲೆ ಕೂತು
ಹುಲ್ಲು ಜಗಿಯುತ್ತ
ತನ್ನ ಕೆಲಸ ಮುಗಿಸುತ್ತದೆ ಗುಂಡಿ.

ಕಟಿಂಗ್ ಮಾಸ್ಟರ್ ನೋಡಿದರೆ ಬೈದಾನು ಅಂದುಕೊಂಡಿದ್ದೆ.
ನೋಡಿದ.
ಮರುದಿನ ಮೂವತ್ತನಾಲ್ಕರದ್ದೂ ಸುತ್ತಿ ಕೊಟ್ಟ.