ಜೇವರ್ಗಿ

ಮೊದಲು ಕೈಕೊಟ್ಟಿದ್ದು ಜೇವರ್ಗಿ.

ಹದಿನೇಳು ವರ್ಷ
ಕಲಬುರಗಿ ಬಸ್‌ಸ್ಟ್ಯಾಂಡಿನ ಮೈಕಿನ ಮುಂದ ಕುಂತಾಕಿ ನಾ.
ಮಾರಿ ಯಾರಿಗೂ ಗೊತ್ತಿಲ್ಲ, ದನಿ ಎಲ್ಲರಿಗೂ ಗೊತ್ತು.
ಸೇಡಂ, ಚಿಂಚೋಳಿ, ಆಳಂದ, ಅಫಜಲಪುರ
ಬಡದ ತೊಗರಿ ಉದುರಿದಂಗ ಉದುರತಿದ್ದವು.
ಆವತ್ತು ಜೇವರ್ಗಿ ಅನ್ನಲಾಕ ಹೋದ್ರ
ಬಾಯಾಗಿಂದ ಕೆಸರು ಬಂತು.
ಹೊರಗ ನಿಂತ ಹುಡುಗರು ನಕ್ಕರು:
ಅಕ್ಕ ಇವತ್ತ ಏರಿಸ್ಯಾಳ.

ಸಂಜಿಗಿ ಮೆಟ್ಟಲ ಎಲ್ಲೋ, ಕಾಲ ಎಲ್ಲೋ.
ಚಾದ ಕಪ್ಪು ತುಟಿ ಬಿಟ್ಟು ಗದ್ದಕ್ಕ ಬಡೀತು.

ಲಕ್ವಾ, ಅಂದಳು ನೆಗೆಣ್ಣಿ ಮಹಾನಂದಾ.
ಲಕ್ವಾ, ಅಂದ್ರು ಓಣಿ ಮಂದಿ.
ಭಾವ ಸೈಬಣ್ಣ ಒಂದು ಪಾರಿವಾಳ ತಂದ,
ಬಿಸಿ ರಕ್ತ ಹಚ್ಚಿದ್ರ ನರ ಎದ್ದೇಳತಾವಂತ.
ಅದು ಚೀಲದಾಗ ಕುಂತು ನನ್ನೇ ನೋಡ್ತಿತ್ತು.
ಬ್ಯಾಡ ಅನ್ನಲಾಕ ನನ್ನ ಬಲ್ಲಿ ಮಾತಿರಲಿಲ್ಲ,
ಅದರ ಬಲ್ಲಿನೂ.

ದವಾಖಾನಿ. ಬಡಬಡ ಬಾರಿಸೋ ಮಶೀನಿನ ಹೊಟ್ಟಿ.
ಚಿತ್ರದಾಗ, ತಲಿ ಹಿಂದ, ಆ ಕಡಿ ಈ ಕಡಿ
ಎರಡು ಬಿಳಿ ಚುಕ್ಕಿ.
ಡಾಕ್ಟರ್ ಹುಡುಗಿ ಬಾಳೊತ್ತು ನೋಡಿದಳು.
"ಲಕ್ವಾ ಹಿಂಗ ಅಣ್ತಮ್ಮರ ಹೊಲದಂಗ
ಸಮಾ ಪಾಲು ಮಾಡಂಗಿಲ್ಲ.
ಏನ್ ಗುಳಗಿ ನುಂಗ್ತೀರಿ?"

ಬೇಸಿಗ್ಯಾಗ ಲಿವರಿನಾಗ ಕೀವಾಗಿತ್ತು.
ಚೀಟ್ಯಾಗ ಬರದದ್ದು ಹತ್ತು ದಿನ.
ಮತ್ತ ಜ್ವರ ಬಂದೀತಂತ ನಾ ಬಿಡಲಿಲ್ಲ,
ಮೆಡಿಕಲ್‌ದಾವ ಚೀಟಿ ಕೇಳಲಿಲ್ಲ.
ಮಗಳು ಚೀಲ ಸುರುವಿದಳು ಟೇಬಲ್ ಮ್ಯಾಲ:
ಖಾಲಿ ಬೆಳ್ಳಿ ಪಟ್ಟಿ, ಎರಡು ತಿಂಗಳದ್ದು.
ಎಣಿಸೋದು ಮುಗಿಯೋತನಕ ಯಾರೂ ಮಾತಾಡಲಿಲ್ಲ.
ಎರಡು ತಿಂಗಳು ಬಾಯಾಗ ಹಳಿ ಪೈಸಾದ ರುಚಿ.
ಯಾರಿಗಾರ ಹೇಳಬೇಕಿತ್ತು.
ಹೇಳಲಾಕ ಆಗ ಬರ್ತಿತ್ತಲ್ಲ.

"ಬಿಟ್ಟುಬಿಡ್ರಿ. ಅಷ್ಟೇ ಔಷಧ."

ಬಿಟ್ಟೆ.
ಕೀವು ಒಣಗಿಸಿ ನನ್ನ ಉಳಿಸಿದ್ದೂ ಅದೇ ಗುಳಗಿ,
ಬಯ್ಯಬೇಕಂದ್ರ ಯಾರಿಗೆ ಬಯ್ಯಲಿ?
ಪಾರಿವಾಳ ಮಾಳಗಿ ಮ್ಯಾಲ ಅದ,
ಹಾರಿಸಿದ್ರೂ ಹೋಗವಲ್ದು.

ರಾತ್ರಿ ಗ್ವಾಡಿಗಿ ಮಾರಿ ಮಾಡಿ ಊರು ಕರೀತೀನಿ.
ಆರನೇ ದಿನ ಆಳಂದ ಬಂತು.
ಹದಿನೈದಕ್ಕ ಸೇಡಂ, ಸೊನ್ನಿ ಸಮೇತ.
ಚಿತ್ತಾಪುರ ನಡುವ ಕೆಟ್ಟು ನಿಂತು, ಮತ್ತ ಹೊಂಟಿತು.

ನಿನ್ನೆ ಮೈಕಿನ ಮುಂದ ಕುಂತೆ.
ಜೇವರ್ಗಿ ಬರ್ತದ. ಅದರ ಅರ್ಕಾವತ್ತು
ಇನ್ನೂ ಒಂದು ಬಸ್ಸು ಹಿಂದ ಅದ.