ಹದಿನೇಳನೆಯ ಬಾಟಲಿ

ಮೊದಲು ನಲ್ಲಿಯ ಬಾಯಿಗೆ ಲೈಟರ್ ಹಿಡಿದು ಸುಡುತ್ತೇನೆ.
ಆಮೇಲೆ ಐದು ನಿಮಿಷ ನೀರು ಸುಮ್ಮನೆ ಹರಿಯಬೇಕು.
ಆ ಐದು ನಿಮಿಷದಲ್ಲಿ ಜನ ನನಗೆ ಎಲ್ಲ ಹೇಳಿಬಿಡುತ್ತಾರೆ:
ಹಾಲಿನ ದರ, ಮೊಣಕಾಲಿನ ಆಪರೇಷನ್ನು,
ಮಗಳು ಯಾಕೆ ಕ್ರಿಸ್ಮಸ್ಸಿಗೆ ಬರಲಿಲ್ಲ.
ಮುಚ್ಚಳದ ಒಳಮೈಗೆ ಬೆರಳು ತಾಗಬಾರದು.
ಅಷ್ಟೇ ನನ್ನ ಮಡಿ.

ಆರ್ವಿಲ್ ಲಾಂಪ್ರೂರ್ ಮಾತ್ರ ಬಾಗಿಲಿಗೆ ಅಡ್ಡ ನಿಂತ.
"ಅಪ್ಪ ಕೊರೆಸಿದ ಬಾವಿ. ಇದನ್ನೇ ಕುಡಿದು
ತೊಂಬತ್ತೊಂದು ವರ್ಷ ಬದುಕಿದ."
ಒಂದು ಲೋಟ ಗಟಗಟ ಕುಡಿದು ತೋರಿಸಿ
ತುಟಿ ಒರೆಸಿಕೊಂಡ, ಗೆದ್ದವನ ಹಾಗೆ.

ವಿಸ್ಕಾನ್ಸಿನ್ನಿನ ಈ ಮೂಲೆಯಲ್ಲಿ
ಒಂದು ಮೊಳ ಅಗೆದರೆ ಮಣ್ಣು ಮುಗಿಯುತ್ತದೆ.
ಕೆಳಗೆ ಸುಣ್ಣಕಲ್ಲು, ಕಲ್ಲಿನ ತುಂಬ ಬಿರುಕು,
ಬರಿಗಾಲಲ್ಲಿ ಸವೆದ ಹಿಮ್ಮಡಿಯಂತೆ.
ಬೆಲ್ಜಿಯಮ್ಮಿನಿಂದ ಬಂದವರು ರಸ್ತೆಬದಿಗೆ ಕಟ್ಟಿದ
ಪುಟ್ಟ ಪ್ರಾರ್ಥನಾಮಂದಿರಗಳು, ಒಳಗೆ
ಇಬ್ಬರು ಮಂಡಿಯೂರುವಷ್ಟು ಜಾಗ.
ಮಾರ್ಚಿಯಲ್ಲಿ ಹಿಮ ಪೂರ್ತಿ ಕರಗುವ ಮೊದಲೇ
ಸಗಣಿನೀರಿನ ಟ್ಯಾಂಕರುಗಳು ಹೊಲಕ್ಕಿಳಿಯುತ್ತವೆ.
ಹತ್ತು ದಿನ ಕಳೆದರೆ ಯಾರದೋ ಬಚ್ಚಲ ತೊಟ್ಟಿ ಕಂದು.
ಕಂದಾದರೆ ಪುಣ್ಯ. ಕಂಡವರು ಕುಡಿಯುವುದಿಲ್ಲ.
ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ,
ಕುದಿಸಿದಷ್ಟೂ ಅದು ಗಟ್ಟಿ.

ನಲ್ಲಿ ತಿರುಗಿಸಿದವಳು ಮೊಮ್ಮಗನ ಹೆಂಡತಿ ಕೋರಿನ್.
ಏಳು ತಿಂಗಳು. ಮುದುಕನ ಕಂಕುಳಡಿಯಿಂದ ಕೈಚಾಚಿ
ತಿರುಗಿಸಿದಳು, ಮಾತಿಲ್ಲದೆ.
ಅದು ಆ ದಿನದ ಹದಿನೇಳನೆಯ ಬಾಟಲಿ.

ಹತ್ತು ದಾಟಬಾರದು. ಬಂದದ್ದು ಇಪ್ಪತ್ತೆಂಟು.
ಆರ್ವಿಲ್ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದ,
ತಪ್ಪು ಮಾಡಿದವರ ಹೆಸರು ಅಲ್ಲಿರಬಹುದೆಂದು.
"ಆ ಆರು ಸಾವಿರ ಹಸುವಿನ ಕಂಪನಿ," ಎಂದ.
ಇರಬಹುದು. ಕಂಪನಿಯ ಗೇಟು ನಮಗೆ ತೆರೆಯಲಿಲ್ಲ.
ಹಾಗಾಗಿ ಅವನ ಹೊಲದಿಂದಲೇ ಶುರು.

ಕಾಡುಸೇಬಿನ ಪೊದೆಯ ನಡುವೆ
ನೆಲ ತಾನಾಗಿ ಬಾಯಿಬಿಟ್ಟ ಕುಳಿ.
ಅರವತ್ತು ವರ್ಷ ಅದಕ್ಕೇ ಎಲ್ಲ ಉಣಿಸಿದ್ದ:
ತುಕ್ಕು ತಂತಿ, ಕಳೆನಾಶಕದ ಡಬ್ಬಿ,
ಸತ್ತೇ ಹುಟ್ಟಿದ ಕರುಗಳು, ಕೊಟ್ಟಿಗೆ ತೊಳೆದ ನೀರು.
"ಎಷ್ಟು ಹಾಕಿದರೂ ತುಂಬಲೇ ಇಲ್ಲ."
ದನಿಯಲ್ಲಿ ಹೆಮ್ಮೆಯಿತ್ತು,
ಹೇಳಿ ಮುಗಿಸುವವರೆಗೆ.

ಸೋಮವಾರ ಆ ಬಾಯಿಗೆ ಹಸಿರು ಬಣ್ಣ ಕಲಸಿ ಸುರಿದೆವು.
ಮಂಗಳವಾರ ಅವನ ನಲ್ಲಿಯಲ್ಲಿ ಏನಿಲ್ಲ. ಬುಧವಾರವೂ.
ಶಿಳ್ಳೆ ಹಾಕುತ್ತ ಓಡಾಡಿದ.
ಗುರುವಾರ ನನಗೊಂದು ಫೋನು, ರಸ್ತೆಯಾಚೆಯ ಮೆಲ್ವಿನಾ.
ಅವನ ತಂಗಿ. ಪಾಲಾದ ದಿನದಿಂದ
ಹತ್ತೊಂಬತ್ತು ವರ್ಷ ಮಾತಿಲ್ಲ.
"ಬಟಾಣಿ ತೊಳೆಯುತ್ತಿದ್ದೆ.
ನೀರು ಬಟಾಣಿಗಿಂತ ಹಸಿರು."

ಅಳತೆ ಹಿಡಿದು ಬೇಲಿ ಹಾಕಿದ್ದರು,
ವಕೀಲರಿಗೆ ಹಾಲು ಕೊಡುವ ಎರಡು ಹಸು ಕರಗಿದ್ದವು.
ಕಲ್ಲಿಗೆ ಯಾರೂ ಪತ್ರ ಓದಿ ಹೇಳಿರಲಿಲ್ಲ.

ಅವನ ಇಪ್ಪತ್ತೆಂಟು ಎಲ್ಲಿಂದ ಬಂತು,
ನನಗೆ ಇವತ್ತಿಗೂ ಗೊತ್ತಿಲ್ಲ.

ಶುಕ್ರವಾರ ನಾನು ಮೆಲ್ವಿನಾಳ ನಲ್ಲಿಯನ್ನು ಸುಡುತ್ತಿದ್ದಾಗ
ಹಿಂಬಾಗಿಲಲ್ಲಿ ಆರ್ವಿಲ್. ಎರಡು ಕೈಯಲ್ಲಿ
ಅಂಗಡಿಯಿಂದ ಕೊಂಡ ನೀರಿನ ಕ್ಯಾನು.
ಕೆಳಗಿಡಲಿಲ್ಲ. ಎಲ್ಲಿ ಇಡಲೆಂದು ಕೇಳಲೂ ಇಲ್ಲ.
ತೋಳು ನಡುಗುತ್ತಿತ್ತು, ಭಾರಕ್ಕೇ ಇರಬೇಕು.
ಐದು ನಿಮಿಷ ಹಸಿರು ಹರಿಯಿತು.
ಆ ಐದು ನಿಮಿಷ ನನಗೆ ಯಾರೂ ಏನೂ ಹೇಳಲಿಲ್ಲ.
ಬಾಟಲಿ ತುಂಬಿ ಮುಚ್ಚಳ ಬಿಗಿಯುವಾಗ
ಬೆನ್ನ ಹಿಂದೆ ನೆಲಕ್ಕೆ ಕಾಲು ಉಜ್ಜಿದ ಸದ್ದು:
ಮೆಲ್ವಿನಾ ಕುರ್ಚಿಯೊಂದನ್ನು
ಪಾದದಿಂದ ಅವನತ್ತ ದೂಡುತ್ತಿದ್ದಳು,
ಮುಖ ಕಿಟಕಿಯ ಕಡೆಗೆ.