ಅರ್ಥ್

ಸಿಂಧನೂರು, ಕುಷ್ಟಗಿ ರೋಡು. ಬೇವಿನ ಬುಡಕ್ಕ
ಪಿಕಪ್ ನಿಲ್ಲಿಸಿ ಅಂಬಮ್ಮ ಇಳಿಸಿದ್ಲು ಒಂದು ಡಬ್ಬಿ.
ಡಬ್ಬಿ ಅಲ್ಲ, ಯಾವುದೋ ಕಾರಿನ ಹೊಟ್ಟಿ.
ಬಳ್ಳಾರಿ ಗುಜರಿಯಾಗ ಆರುನೂರಕ್ಕ ಜಗ್ಗ್ಯಾಡಿ ತಂದದ್ದು:
ಎರಡು ಲೋಟದ ಕುಳಿ, ಮೊಣಕೈಗೆ ಮೆತ್ತನ ಮುಚ್ಚಳ,
ಒಳಗ ಒಂದು ಕೂದಲ ಪಿನ್ನು,
ಯಾರದೋ ಕೂಸಿನ ಅರ್ಧ ಕ್ರೇಯಾನು, ಹಸಿರು.

"ಎರಡು ಸೀಟಿನ ನಡುವ ಇದನ್ನ ಕೂಡ್ಸು ಮೌನೇಶ.
ಫೋನಿಗೆ ಚಾರ್ಜು, ಸಣ್ಣ ಫ್ಯಾನಿಗೊಂದು ಪಾಯಿಂಟು,
ರಾತ್ರಿ ಲೆಕ್ಕ ಬರಿಯಾಕ ದೀಪ."
ಹಿಂದ ಮೀನಿನ ಐಸು ಹನಿ ಹನಿ ಇಳಿತಿತ್ತು.
ಡಾಂಬರು ಒಂದು ಹನಿಯನ್ನೂ ಹರಿಯಾಕ ಬಿಡಲಿಲ್ಲ.

ಗೇರಿನ ಕೋಲಿಗೂ ಡಬ್ಬಿಯ ತೂತಿಗೂ
ನಾಲ್ಕು ಬೆರಳು ಅಂತರ.
ಹ್ಯಾಕ್ಸಾ ಬ್ಲೇಡು ಕೆಂಪಗ ಕಾಸಿ ಪ್ಲಾಸ್ಟಿಕ್ಕು ಕೊಯ್ದೆ.
ಚಪ್ಪಲಿ ಸುಟ್ಟ ವಾಸನಿ. ಲಾಲಸಾಬ ಮೂಗು ಮುಚ್ಚಿಕೊಂಡ,
ಹತ್ತು ದಿನ ಆಗಿತ್ತು ಅವ ಕೆಲಸಕ್ಕ ಬಂದು.

ನೆಲದ ಮ್ಯಾಟು ಕಿತ್ತರ ಕೆಳಗ ಬ್ಯಾರೇನ ಊರು.
ಭತ್ತದ ಕಾಳು, ಒಂದು ಮೊಳಕಿ ಒಡದು ಒಣಗಿತ್ತು.
ಮೀನಿನ ಹುರುಪಿ. ಟೋಲಿನ ಚೀಟಿ.
ಎಲ್ಲಿಗೂ ಹೋಗದ ತಂತಿಗಳು:
ಸತ್ತ ಹಾರನ್ನಿಂದು, ದೇವರ ಫೋಟೊದ ಕೆಂಪು ಬಲ್ಬಿಂದು,
ಎಂದೋ ಮಾರಿದ ಟೇಪಿಂದು.
ಆ ಟೇಪಿನ ತಂತಿಗೊಂದು ಗಂಟು.
ಹಲ್ಲಿಂದ ಸುಲಿದು ತಿರುವಿ, ಮ್ಯಾಲ ಸೈಕಲ್ ಟ್ಯೂಬಿನ ಚೂರು ಬಿಗದದ್ದು.

"ಯಾವ ಕತ್ತಿ ಮಾಡ್ಯಾನ ಇದನ್ನ! ಫ್ಯೂಜಿಲ್ಲ ಏನಿಲ್ಲ.
ಗಾಡಿ ಉರಿದಿಲ್ಲ ಅನ್ನೋದ ನಿನ್ನ ಪುಣ್ಯ."
ಬೈಕೊಂತ ಬಿಚ್ಚಿದೆ. ಗಂಟು ಎಡಕ್ಕ ಸುತ್ತಿತ್ತು.
ಈ ರೋಡಿನಾಗ ಎಡಚರು ಎಷ್ಟು ಮಂದಿ?

ಹನ್ನೆರಡು ವರ್ಷದ ಹಿಂದ ಮಾಲಕ ಊಟಕ್ಕ ಹೋದಾಗ
ಒಂದು ಹೊಸ ಪಿಕಪ್ಪಿಗೆ ಟೇಪು ಕೂಡ್ಸಿದ್ದೆ,
ಕಳ್ಳತನದಿಂದ, ನಲವತ್ತು ರೂಪಾಯಿಗೆ.
ನನ್ನ ಮೊದಲ ದುಡಿಮಿ.
ಲಾಲಸಾಬ ನನ್ನ ಮುಖಾನೇ ನೋಡ್ತಿದ್ದ.
"ಪಕ್ಕಡ ಕೊಡು" ಅಂದೆ.

ಈಗ ಹೊಸ ತಂತಿ. ಬ್ಯಾಟರಿಯಿಂದ ಗೇಣಿನೊಳಗ ಫ್ಯೂಜು.
ಆಮ್ಯಾಲ ರಿಲೇ: ಮೂವತ್ತಕ್ಕ ಬ್ಯಾಟರಿ, ಎಂಬತ್ತೇಳಕ್ಕ ಡಬ್ಬಿ,
ಎಂಬತ್ತಾರಕ್ಕ ಚಾವಿಯ ತಂತಿ, ಎಂಬತ್ತೈದು ಅರ್ಥ್.
ಹುಡುಗ ಮಗ್ಗಿ ಹೇಳಿದಂಗ ಹೇಳಿದ.
ಚಾವಿ ತಿರುವಿದೆ. ದೀಪಿಲ್ಲ. ಫ್ಯಾನಿಲ್ಲ.
ಟೆಸ್ಟ್ ಲ್ಯಾಂಪು ಹಿಡಿದ್ರ ಕರೆಂಟು
ಹೊಸ್ತಿಲ ತನಕ ಬಂದು ನಿಂತದ, ಒಳಗ ಬರವಲ್ದು.

"ಅರ್ಥ್ ಸಿಗವಲ್ದು" ಅಂದೆ.
"ಯಾತರದು?" ಅಂದ್ಲು.
"ಇದರದೂ. ನಿಂದೂ. ಚಾರ್ಜರು ಎಂಬತ್ತು ರೂಪಾಯಿಗೆ ಸಿಗ್ತದ.
ಇದನ್ನ ಕೂಡ್ಸಿದ್ರ ಮೂರನೇದವರು ಕುಂದ್ರೋ ಜಾಗ ಹೋಗ್ತದ."

"ಅದಕ್ಕ."

ಐಸಿನ ಚೂರು ಅಂಗೈಯಾಗ ತಿರುವಿದ್ಲು ಒಂದು ಗಳಿಗಿ.
"ಕ್ಯಾಂಪಿನಿಂದ ಕ್ಯಾಂಪಿಗೆ ಕೈ ಅಡ್ಡ ಮಾಡ್ತಾರ. ಒಲ್ಲೆ ಅನ್ನಾಕಾಗಲ್ಲ,
ಮೀನು ಕೊಳ್ಳೋರೂ ಅವರ.
ಬಾಗಿಲ ಕಡಿ ಸೀಟು ಖಾಲಿ ಇದ್ರೂ ಸರದು ನಡುವ ಬರ್ತಾರ.
ಮೂರನೇ ಗೇರು ಹಾಕಾಕ ಹೋದ್ರ
ಕೈಗೆ ಯಾರದೋ ಮೊಣಕಾಲು."

ಆಕಿ ಮುಂದ ಹೇಳಲಿಲ್ಲ.
ನಾನು ಸೀಟಿನ ಬೋಲ್ಟಿನ ಬುಡಕ್ಕ ಬಗ್ಗಿದೆ.
ಬಣ್ಣ ಕೆರೆದೆ, ಬಣ್ಣದ ಕೆಳಗಿನ ತುಕ್ಕು ಕೆರೆದೆ,
ಬರೇ ಕಬ್ಬಿಣ ಕಾಣೋ ತನಕ,
ಕರೀ ತಂತಿ ಅಲ್ಲಿ ಬಿಗದೆ.
ಹಗಲಿನಾಗ ದೀಪ ಹತ್ತಿದ್ದು ಗೊತ್ತಾಗಲಿಲ್ಲ,
ಫ್ಯಾನು ತಿರುಗಿದ ಮ್ಯಾಲ ಗೊತ್ತಾತು.

ಡಬ್ಬಿಗೆ ಎರಡು ಬೋಲ್ಟು ಸಾಕಿತ್ತು.
ನಾಲ್ಕು ಹಾಕಿದೆ. ಅಲುಗಿಸಿ ನೋಡಿದೆ.
ಮತ್ತೆರಡು ಹಾಕಿದೆ.

"ಎಂಟುನೂರು ಅಂದಿದ್ದಿ, ನಲವತ್ತು ಯಾಕ ವಾಪಸು?"
"ಟೇಪಿಂದು" ಅಂದೆ. ಆಕಿಗೆ ತಿಳೀಲಿಲ್ಲ.
ಹಸಿರು ಕ್ರೇಯಾನು ಮತ್ತ ಕುಳಿಯಾಗ ಇಟ್ಟು ಹೊಂಟ್ಲು.

ಮೊದಲನೇದು. ಎರಡನೇದು.
ಕಾಲುವಿ ಏರಿ ದಾಟಿ, ನಾನು ಪಾನಾ ಒರಸೋದು ನಿಲ್ಲಿಸಿ ಕೇಳಿದೆ,
ಮೂರನೇದು ಬಿತ್ತು.